ಶ್ರೀಲಂಕಾಕ್ಕೆ ಹೋಗಿ ನೆರೆ ಸಂತ್ರಸ್ತರಿಗೆ ದುಡಿಯಬೇಕು ಅನಿಸಿದೆ, ಅವ್ವ ಬಿಡುತ್ತಿಲ್ಲ

ಪ್ರಶ್ನೆ: ನನಗೆ 28 ವರ್ಷ. ಊರು ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ದಂಡೆಯ ಒಂದು ಹಳ್ಳಿ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು ಏಳು ವರ್ಷವಾಯಿತು. ಮದುವೆಯಾಗಿದೆ, ಎಂಟು ತಿಂಗಳ ಮಗಳಿದ್ದಾಳೆ. 2009ರ ನೆರೆಯಲ್ಲಿ ನಮ್ಮ ಮನೆ ಬಿತ್ತು. ಆಗ ನನಗೆ 12 ವರ್ಷ. ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ 19 ದಿನ ಇದ್ದೆವು. ಎಲ್ಲಿಂದಲೋ ಬಂದ ಒಬ್ಬರು ನನಗೆ ಚಾದರ ಹೊದಿಸಿ, ನಿದ್ದೆ ಬರುವವರೆಗೂ ಪಕ್ಕದಲ್ಲೇ ಕೂತಿದ್ದರು. ಅವರ ಹೆಸರೂ ಗೊತ್ತಿಲ್ಲ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಶ್ರೀಲಂಕಾ ಮುಳುಗಿದ್ದನ್ನು ಮೊಬೈಲ್‌ನಲ್ಲಿ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಅಲ್ಲಿಗೆ ಹೋಗಿ ಕೆಲಸ ಮಾಡಬೇಕು. ಒಂದು ಏಜೆನ್ಸಿ ಸಿಕ್ಕಿದೆ. ಎರಡು ವಾರಕ್ಕೆ 85,000 ರೂಪಾಯಿ, ವಿಮಾನದ ಖರ್ಚು ಬೇರೆ. ಕೆಲಸ ಏನು ಅಂದರೆ ‘ಸಮುದಾಯ ಸೇವೆ, ಮಕ್ಕಳ ಜೊತೆ ಚಟುವಟಿಕೆ’ ಅಂತಾರೆ. ನನ್ನ ಹತ್ತಿರ ಇರುವುದು 1,40,000. ಅವ್ವ ಊಟ ಬಿಟ್ಟು ಅಳುತ್ತಾಳೆ. ಹೆಂಡತಿ ಬೇಡ ಅನ್ನಲಿಲ್ಲ. ‘ಅಲ್ಲಿ ಹೋಗಿ ಏನು ಮಾಡ್ತೀರಿ?’ ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಅವ್ವನಿಗೆ ಬೆಂಗಳೂರಿಗೆ ದುಡಿಯಲು ಹೋಗ್ತೀನಿ ಅಂತ ಹೇಳಿ ಹೊರಡಲೇ?

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಾದರ ಹೊದಿಸಿದವರ ಮಾತು ಬಂದಲ್ಲಿ ನಿಂತುಬಿಟ್ಟೆ. ಹದಿನಾರು ವರ್ಷ ಆ ನೆನಪನ್ನು ಜೋಪಾನ ಮಾಡಿದ್ದೀರಿ. ನಿಮ್ಮ ಆಸೆ ಸುಮ್ನೆ ಬಂದದ್ದಲ್ಲ.

ಆದರೂ ಈ ಏಜೆನ್ಸಿಗೆ ದುಡ್ಡು ಕಟ್ಟಬೇಡಿ. ಅವ್ವನಿಗೆ ಸುಳ್ಳನ್ನಂತೂ ಹೇಳಲೇಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಮಾತು ನಿಮ್ಮ ಹೆಂಡತಿಯದು. ಅಲ್ಲಿ ಹೋಗಿ ಏನು ಮಾಡ್ತೀರಿ? ಅವರು ನಿಮ್ಮನ್ನು ತಡೆಯಲು ಕೇಳಿದ್ದಲ್ಲ ಅಂತ ನನಗನಿಸುತ್ತದೆ. ನಿಜವಾಗಿಯೂ ತಿಳಿಯಬೇಕಿತ್ತು, ಅದಕ್ಕೇ ಕೇಳಿದ್ದಾರೆ. ನಿಮ್ಮ ಕೈಯಲ್ಲಿ ಒಳ್ಳೆಯ ಕಸುಬಿದೆ. ನೆರೆ ಇಳಿದ ಮೇಲೆ ಕೆಸರು ತುಂಬಿದ ಮೋಟಾರು, ಕೆಟ್ಟ ಪಂಪು, ಸುಟ್ಟ ಸ್ಟಾರ್ಟರ್ ಸಾವಿರಗಟ್ಟಲೆ ಇರುತ್ತವೆ. ಅಂಥ ಕೈಯನ್ನು ಕರೆದುಕೊಂಡು ಹೋಗಿ ಮಕ್ಕಳ ಜೊತೆ ಆಟವಾಡಿಸುತ್ತೇವೆ ಅನ್ನುವವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಅಲ್ಲಿನ ಜನಕ್ಕೆ ಏನು ಬೇಕು ಅಂತಲೂ ಗೊತ್ತಿಲ್ಲ. ಮಕ್ಕಳ ವಿಷಯದಲ್ಲಿ ನನಗೆ ಇನ್ನೊಂದು ಭಯವಿದೆ. 2015ರಲ್ಲಿ ನೇಪಾಳದ ಭೂಕಂಪದ ನಂತರ, ಅನಾಥಾಶ್ರಮಗಳಿಗೆ ಸ್ವಯಂಸೇವಕರಾಗಿ ಬರಬೇಡಿ ಎಂದು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ ಎಚ್ಚರಿಸಬೇಕಾಯಿತು. ವಿದೇಶಿಯರ ದುಡ್ಡಿನ ಆಸೆಗೆ, ತಂದೆ ತಾಯಿ ಇರುವ ಮಕ್ಕಳನ್ನೂ ಮನೆಯಿಂದ ಬಿಡಿಸಿ ಅಲ್ಲಿ ತಂದಿಡುತ್ತಿದ್ದರು.

ನಿಮ್ಮ ಕಸುಬಿಗೇ ಹತ್ತಿರದ ಒಂದು ಸಂಗತಿ ಕೇಳಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇದೇ ಶ್ರೀಲಂಕಾದ ಪೂರ್ವ ಕರಾವಳಿಯ ಸಾವಿರಾರು ಬಾವಿಗಳಿಗೆ ಸಮುದ್ರದ ನೀರು ನುಗ್ಗಿತು. ನೆರವಿಗೆ ಬಂದವರು ಪಂಪ್ ಇಟ್ಟು ಬಾವಿಗಳನ್ನು ಖಾಲಿ ಮಾಡಿದರು. ಮರುದಿನ ನೋಡಿದರೆ ಮತ್ತೆ ಉಪ್ಪು. ಮತ್ತೆ ಎಳೆದರು. ಆ ಮರಳು ನೆಲದಲ್ಲಿ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ಪದರವಾಗಿ ನಿಂತಿರುತ್ತದೆ. ಎಳೆದಷ್ಟೂ ಅಡಿಯ ಉಪ್ಪು ಮೇಲೇರುತ್ತದೆ. ಕೊನೆಗೆ, ಹೀಗೆ ಮೇಲಿಂದ ಮೇಲೆ ಖಾಲಿ ಮಾಡಬೇಡಿ, ಮಳೆ ಬಂದು ತಾನಾಗಿ ತೊಳೆಯಲಿ ಎಂದು ತಿಳಿದವರು ಹೇಳಬೇಕಾಯಿತು. ಪಂಪ್ ಹಿಡಿದು ಬಂದವರೆಲ್ಲ ನಿಮ್ಮಂಥ ಒಳ್ಳೆಯ ಮನಸ್ಸಿನವರೇ. ಮೋಟಾರ್ ಗೊತ್ತಿದ್ದರೆ ಸಾಲದು, ಆ ನೆಲವೂ ಗೊತ್ತಿರಬೇಕು.

ನನಗೂ ಇದು ಅನುಭವದಿಂದಲೇ ತಿಳಿದದ್ದು. 2009ರ ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಹೆಂಗಸರು ರಾಯಚೂರು ಕಡೆಯ ಒಂದು ಗಂಜಿ ಕೇಂದ್ರಕ್ಕೆ ಟೆಂಪೋ ತುಂಬ ಬಟ್ಟೆ ಒಯ್ದಿದ್ದೆವು. ಶಾಲೆಯ ಕಟ್ಟೆಯ ಮೇಲೆ ಮೊದಲೇ ಬಟ್ಟೆಯ ರಾಶಿ ಬಿದ್ದಿತ್ತು. ಮಳೆಗೆ ನೆನೆದು ಮುಗ್ಗಲು ವಾಸನೆ. ಅದರಲ್ಲಿ ಕೋಟುಗಳೂ ಇದ್ದವು. ಬ್ರೆಡ್ಡು, ಬಿಸ್ಕತ್ತು ಡಬ್ಬಗಟ್ಟಲೆ. ಒಬ್ಬಾಕೆ ನನ್ನ ಸೆರಗು ಹಿಡಿದು ಕೇಳಿದಳು: ‘ಯಕ್ಕಾ, ಒಂದು ರೊಟ್ಟಿ ಹಂಚು ಇದ್ದರ ಕೊಡ್ರಿ.’ ಜೋಳದ ಹಿಟ್ಟು ಬಂದಿತ್ತು, ಬೇಯಿಸಲು ಹಂಚಿರಲಿಲ್ಲ. ಅರವತ್ತು ಮನೆಯವರಿಗೆ ಹನ್ನೆರಡು ಹಂಚು ಇದ್ದಿದ್ದರೂ ಸಾಕಾಗುತ್ತಿತ್ತು. ನಮ್ಮ ಇಡೀ ಟೆಂಪೋದಲ್ಲಿ ಒಂದೂ ಇರಲಿಲ್ಲ. ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಈಗಲೂ ಆಕೆಯ ಮುಖ ನೆನಪಾದರೆ ಸಂಕಟವಾಗುತ್ತದೆ.

ದುರಂತದ ಮೊದಲ ದಿನಗಳು ಕಲಿತವರ ಕೆಲಸ. ಹೊರದೇಶಕ್ಕೆ ಹೋಗುವ ವೈದ್ಯ ತಂಡಗಳು ತಮ್ಮ ಊಟ, ನೀರು, ಡೀಸೆಲ್ ಎಲ್ಲ ತಾವೇ ಒಯ್ಯಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಒಬ್ಬಂಟಿಯಾಗಿ ಹೋದವರು ಉಣ್ಣುವುದು ಆ ಊರಿನ ಅನ್ನವನ್ನೇ, ಮಲಗುವುದು ಆ ಊರಿನ ಸೂರಿನಲ್ಲೇ. ನೇಪಾಳದ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಕಠ್ಮಂಡು ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ದಟ್ಟಣೆಗೆ ಪರಿಹಾರದ ವಿಮಾನಗಳೇ ಇಳಿಯಲಾಗದೆ ವಾಪಸ್ ಹೋದವು. ದಿತ್ವಾ ಬಂದಾಗಲೂ ನಮ್ಮ ಸರ್ಕಾರ ‘ಸಾಗರ ಬಂಧು’ ಕಾರ್ಯಾಚರಣೆಯಲ್ಲಿ ವಿಪತ್ತಿನ ರಕ್ಷಣಾ ಪಡೆಯಾದ ಎನ್‌ಡಿಆರ್‌ಎಫ್ ತಂಡ, ಸೇನೆಯ ಆಸ್ಪತ್ರೆ ಕಳಿಸಿತು. ಆ ಹೊತ್ತಿನ ಕೆಲಸ ಅಂಥವರದು.

ಇನ್ನು ದುಡ್ಡಿನ ಮಾತು. ಕ್ಯಾಂಡಿ, ಬದುಲ್ಲ, ನುವಾರ ಎಲಿಯ ಕಡೆ ಗುಡ್ಡ ಕುಸಿದಲ್ಲಿ ನಿಮ್ಮ ಹಾಗೆಯೇ ಮೋಟಾರ್ ಕಟ್ಟುವವನೊಬ್ಬ ಅಂಗಡಿ ಕಳೆದುಕೊಂಡು ಕೂತಿರಬಹುದು. ಅವನಿಗೆ ಸಿಂಹಳವೋ ತಮಿಳೋ ಬರುತ್ತದೆ, ನಿಮಗೆ ಎರಡೂ ಬರುವುದಿಲ್ಲ. ನೀವು ಎರಡು ವಾರಕ್ಕೆ ಸುರಿಯುವ ಹಣದಲ್ಲಿ ಅವನಿಗೆ ತಿಂಗಳುಗಟ್ಟಲೆ ಕೂಲಿ ಸಿಗುತ್ತದೆ. ಮನಸ್ಸು ತಡೆಯದಿದ್ದರೆ ಐದು ಸಾವಿರ, ಹತ್ತು ಸಾವಿರ ರೆಡ್‌ಕ್ರಾಸ್‌ನಂಥ ನಂಬಿಕೆಯ ಸಂಸ್ಥೆಯ ಮೂಲಕ ಕಳಿಸಿ. ಉಳಿದದ್ದು ಮಗಳ ಹೆಸರಲ್ಲಿ ಇರಲಿ.

ಹಾಗಾದರೆ ಹೊರದೇಶದ ಕನಸು ಬಿಡಬೇಕಾ? ಬಿಡಬೇಡಿ. ಎಂಎಸ್‌ಎಫ್ ಅನ್ನುವ ವೈದ್ಯರ ಸಂಸ್ಥೆ ವೈದ್ಯರನ್ನು ಮಾತ್ರವಲ್ಲ, ಎಲೆಕ್ಟ್ರಿಷಿಯನ್ನರು, ನೀರಿನ ವ್ಯವಸ್ಥೆ ನೋಡುವವರನ್ನೂ ತೆಗೆದುಕೊಳ್ಳುತ್ತದೆ. ಕೆಲಸದ ಅನುಭವ ಕೇಳುತ್ತಾರೆ, ಅದು ನಿಮಗಿದೆ. ಇಂಗ್ಲಿಷ್‌ನಂಥ ಭಾಷೆ ಕೇಳುತ್ತಾರೆ, ಅದನ್ನು ಕಲಿಯಬೇಕು. ಅಲ್ಲಿ ನೀವು ದುಡ್ಡು ಕಟ್ಟುವುದಿಲ್ಲ, ಅವರೇ ಸಂಬಳ ಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಹೋಗಬೇಕಾಗುತ್ತದೆ. ಎಂಟು ತಿಂಗಳ ಕೂಸು ಇರುವಾಗ ಅದು ಈಗಿನ ಮಾತಲ್ಲ. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಇರಬಹುದು.

ಅಲ್ಲಿಯವರೆಗೆ ನಮ್ಮ ನೀರೇ ಇದೆಯಲ್ವಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನಿಮ್ಮ ದಂಡೆಯ ಊರುಗಳು ಹೇಗೆ ನಿದ್ದೆಗೆಟ್ಟವು ಅನ್ನುವುದನ್ನು ನಾನು ಹೇಳಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ ಊರಿನ ಯುವಕರಿಗೆ 12 ದಿನದ ತರಬೇತಿ ಕೊಟ್ಟಿದ್ದಾರೆ. ನೀರಿನಿಂದ ಜನರನ್ನು ಎತ್ತುವುದು, ಪ್ರಥಮ ಚಿಕಿತ್ಸೆ ಎಲ್ಲ ಕಲಿಸಿದ್ದಾರೆ. ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ವಿಭಾಗಕ್ಕೆ ಹೋಗಿ, ಈಗ ಅಂಥ ತರಬೇತಿ ನಮ್ಮಲ್ಲಿ ಇದೆಯಾ, ಯಾವಾಗ ಅಂತ ವಿಚಾರಿಸಿ. ರೆಡ್‌ಕ್ರಾಸ್ ಜಿಲ್ಲಾ ಶಾಖೆಯಲ್ಲೂ ಹೆಸರು ಬರೆಸಿ. ಮುಂದೆ ಹೊರಗೆ ಹೋಗುವಾಗಲೂ ಈ ಕಲಿಕೆ ಕೆಲಸಕ್ಕೆ ಬರುತ್ತದೆ.

ಅವ್ವನ ವಿಷಯ. ಬೆಂಗಳೂರಿಗೆ ಅಂತ ಹೇಳಿ ಹೋದಿರಿ ಅಂದುಕೊಳ್ಳಿ. ಅಲ್ಲಿ ಕಾಲು ಮುರಿದರೆ ಫೋನ್ ಬರುವುದು ಯಾರಿಗೆ? ಆ ಸುಳ್ಳನ್ನು ಹೊರುವವಳು ಕೂಸನ್ನು ಎತ್ತಿಕೊಂಡ ನಿಮ್ಮ ಹೆಂಡತಿ. ಅದು ಅವಳ ಮೇಲೆ ಹೊರಿಸುವ ಭಾರವಲ್ಲ. ಅವ್ವ ಲಂಕೆಗೆ ಹೆದರುತ್ತಿಲ್ಲ, ತಮ್ಮಾ. ಅವರು ಹೆದರುವುದು ನೀರಿಗೆ. ಮನೆ ಬೀಳುವಾಗ 12 ವರ್ಷದ ಮಗನನ್ನು ಎಳೆದುಕೊಂಡು ಓಡಿದವರು ಅವರು. ಈಗ ಅದೇ ಮಗ ತಾನಾಗಿ ನೀರಿನ ಕಡೆ ಹೊರಟಿದ್ದಾನೆ.

ಆ 19 ದಿನದ ಬಗ್ಗೆ ನೀವಿಬ್ಬರೂ ಎಂದಾದರೂ ಕೂತು ಮಾತಾಡಿದ್ದೀರಾ? ಪತ್ರ ನೋಡಿದರೆ ಇಲ್ಲ ಅನಿಸುತ್ತದೆ. ಇವತ್ತು ಅಂಗಡಿ ಮುಚ್ಚಿ ಬಂದ ಮೇಲೆ ಅವರ ಪಕ್ಕ ಕೂತು, ಚಾದರ ಹೊದಿಸಿದವರ ಕತೆ ಹೇಳಿ. ಗಂಜಿ ಕೇಂದ್ರದಲ್ಲಿ ನಿನಗೆ ಏನು ಕಡಿಮೆಯಾಗಿತ್ತವ್ವಾ ಅಂತ ಕೇಳಿ. ಅವರು ಹೇಳಿದ್ದನ್ನು ನನಗೂ ಬರೆಯಿರಿ.