ಮಾತ್ರೆ ತಂದರು, ಕೇಳಲೇ ಇಲ್ಲ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಆಪ್ತ ಸಲಹೆಗಾರ್ತಿ. ಈ ಥರದ ದಂಪತಿ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಇಬ್ಬರಿಗೂ ಕೆಲಸ. ಮೊದಲ ಮಗುವಿಗೆ ಹತ್ತು ತಿಂಗಳು. ಆಕೆ ಮತ್ತೆ ಬಸುರಿ. "ಇವಳು ಒಂದು ವಾರದಿಂದ ಮಾತೇ ಆಡ್ತಿಲ್ಲ ಮೇಡಂ" ಅಂತ ಗಂಡನೇ ಕರೆದುಕೊಂಡು ಬಂದಿದ್ದ.

ಜಾಸ್ತಿ ಮಾತಾಡಿದ್ದೂ ಅವನೇ. ಮನೆ ಸಾಲದ ಕಂತು ಇದೆ, ಅಮ್ಮನಿಗೆ ಮಂಡಿನೋವು, ಇನ್ನೊಂದು ಬಾಣಂತನ ನನ್ನ ಕೈಲಾಗಲ್ಲ ಅಂದುಬಿಟ್ಟಿದ್ದಾರೆ, ಕಂಪನಿಯವರು ಇಷ್ಟು ಬೇಗ ಮತ್ತೆ ರಜೆ ಕೊಡ್ತಾರಾ. ಹೇಳುತ್ತಾ ಹೇಳುತ್ತಾ ಜೇಬಿನಿಂದ ಗರ್ಭಪಾತದ ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಒಂದು ಮಾತ್ರೆ ಬೇರೆ, ನಾಲ್ಕು ಬೇರೆ. ಡಾಕ್ಟರ್ ಚೀಟಿ ಇಲ್ಲದೆ, ಪರಿಚಯದ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕಿತ್ತು.

ಅವನನ್ನು ಹೊರಗೆ ಕೂರಿಸಿದೆ. ಆಕೆ ಸುಮಾರು ಹೊತ್ತು ಆ ಪಟ್ಟಿಯನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದ್ದು ಇಷ್ಟು: "ಮಾತ್ರೆ ತಂದ್ರು ಮೇಡಂ. ಬ್ಲೀಡಿಂಗ್ ಆಗುತ್ತೆ ಅಂತ ಜೊತೆಗೆ ಪ್ಯಾಡೂ ತಂದ್ರು. ನಿಂಗೆ ಈ ಮಗು ಬೇಕಾ ಅಂತ ಮಾತ್ರ ಕೇಳಲಿಲ್ಲ."

ಬೇಕಾ ಅಂತ ನಾನು ಕೇಳಿದೆ. "ಬೇಕು, ಆದ್ರೆ ಭಯ" ಅಂದಳು.

ನಾನು ಗರ್ಭಪಾತದ ಪರ ಅಲ್ಲ. ಹೊಟ್ಟೆಯಲ್ಲಿರುವುದೂ ಒಂದು ಜೀವ ಅನ್ನುವುದು ನನ್ನ ನಂಬಿಕೆ. ಅದನ್ನು ಆಕೆಗೂ ಮುಚ್ಚಿಡಲಿಲ್ಲ, ನಿರ್ಧಾರ ನಿಮ್ಮದೇ ಅಂತಲೂ ಹೇಳಿದೆ. ಸಲಹೆಗಾರರು ಹೀಗೆ ಹೇಳಬಾರದು ಅನ್ನುವವರಿದ್ದಾರೆ. ಇರಲಿ. ಮನೆಮಂದಿಯೆಲ್ಲ ಒಂದು ಕಡೆಗೆ ತಳ್ಳುತ್ತಿರುವಾಗ ನಾನು ಸುಮ್ನೆ ತಲೆ ಆಡಿಸುತ್ತಾ ಕೂತರೆ ಅದು ತಟಸ್ಥವಾಗಿರುವುದಲ್ಲ, ತಳ್ಳುವವರ ಜೊತೆ ಕೈ ಸೇರಿಸಿದ ಹಾಗೇ.

ಇಲ್ಲೊಂದು ವಿಚಿತ್ರ ಇದೆ. 1971ರ ಕಾನೂನಿನ ಪ್ರಕಾರ 18 ತುಂಬಿದ ಹೆಂಗಸಿನ ಗರ್ಭಪಾತಕ್ಕೆ ಆಕೆಯ ಒಪ್ಪಿಗೆ ಬೇಕು, ಗಂಡನದ್ದು ಬೇಕಿಲ್ಲ. ತಂದೆಗೆ ಮಾತೇ ಇಲ್ಲವಲ್ಲ ಅಂತ ನನಗೆ ಈ ಕಾನೂನಿನ ಮೇಲೆ ತಕರಾರಿದೆ. ಆದರೆ ಅವತ್ತು ಆ ಮಗುವಿನ ಪರ ನಿಂತಿದ್ದು ಅದೇ ಕಾನೂನು. ಆಕೆ ಒಪ್ಪದೆ ಯಾರೂ ಏನೂ ಮಾಡುವ ಹಾಗಿಲ್ಲ.

ಗಂಡನನ್ನು ಒಳಗೆ ಕರೆದು ಮೊದಲು ಮಾತ್ರೆ ವಿಷಯ ಹೇಳಿದೆ. ಗರ್ಭ ಗರ್ಭಕೋಶದ ಒಳಗಲ್ಲದೆ ಅಂಡನಾಳದಲ್ಲಿ ನಿಂತಿದ್ದರೆ ಈ ಮಾತ್ರೆಯಿಂದ ಹೋಗಲ್ಲ, ನಾಳ ಒಡೆದರೆ ತಾಯಿ ಜೀವಕ್ಕೇ ಅಪಾಯ. ಅವನ ಮುಖ ಬಿಳಿಚಿಕೊಂಡಿತು. ಕೆಟ್ಟವನಲ್ಲ, ಹೆದರಿದವನು. ನಾಳೆಯೇ ಹೆರಿಗೆ ಡಾಕ್ಟರ್ ಹತ್ತಿರ ಹೋಗಿ, ಎರಡು ಬಸಿರಿನ ನಡುವೆ ಅಂತರ ಕಡಿಮೆ ಇರುವುದನ್ನೂ ಕೇಳಿ ಅಂದೆ. ರಜೆ ವಿಷಯ ಅವನಿಗೆ ಗೊತ್ತೇ ಇರಲಿಲ್ಲ: ಎರಡನೇ ಮಗುವಿಗೂ ಸಂಬಳ ಸಮೇತ 26 ವಾರ ಇದೆ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅಷ್ಟೇ. ಕೊನೆಗೆ, ರಾತ್ರಿ ದೊಡ್ಡ ಮಗುವನ್ನು ಯಾರು ಮಲಗಿಸುತ್ತಾರೆ ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೆಲಸ ಇನ್ನು ಮೇಲೆ ನಿಮ್ಮದು ಅಂತ ಅವನಿಗೆ ಹೇಳಿದೆ.

ಆಕೆ ಬಸಿರು ಉಳಿಸಿಕೊಂಡಳು. ಬಾಣಂತನಕ್ಕೆ ಅವಳ ಚಿಕ್ಕಮ್ಮ ಬರಲು ಒಪ್ಪಿದ್ದಾರೆ. ಗಂಡನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇಳಿಯಲು ಟೈಮ್ ಬೇಕು. ಅತ್ತೆ ಮಾತ್ರ ನನ್ನ ಮೇಲೆ ಗರಂ ಆಗಿದ್ದಾರಂತೆ.