ಜೀವವಿಕಾಸವನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ?

ನಿಮ್ಮ ಪ್ರಶ್ನೆ ಇದು: "ಒಂದು ಜೀವಿ ಬದಲಾಗೋಕೆ ಲಕ್ಷಾಂತರ ವರ್ಷ ಬೇಕು ಅಂತಾರೆ. ಹಾಗಾದ್ರೆ ಅದನ್ನ ನೋಡಿದವರು ಯಾರು? ಹಳೇ ಮೂಳೆ ಇಟ್ಕೊಂಡು ಕಟ್ಟಿದ ಕಥೆ ತಾನೇ?"

ನೋಡಿದವರು ಇದ್ದಾರೆ. ನೋಡಿದ್ದಷ್ಟೇ ಅಲ್ಲ, ಮಿಲಿಮೀಟರ್ ಲೆಕ್ಕದಲ್ಲಿ ಅಳೆದಿದ್ದಾರೆ. ಮೂಳೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪೀಟರ್ ಗ್ರಾಂಟ್ ಮತ್ತು ರೋಸ್ಮರಿ ಗ್ರಾಂಟ್ ಗಂಡ ಹೆಂಡತಿ, ಇಬ್ಬರೂ ಜೀವವಿಜ್ಞಾನಿಗಳು. 1835ರಲ್ಲಿ ಡಾರ್ವಿನ್ ಹೋಗಿದ್ದ, ಪೆಸಿಫಿಕ್ ಸಾಗರದ ಅದೇ ಗಲಾಪಗೋಸ್ ದ್ವೀಪಗಳಲ್ಲಿ 1973ರಿಂದ ಕೆಲಸ ಶುರು ಮಾಡಿದರು. ಅವರು ಆರಿಸಿಕೊಂಡ ಡ್ಯಾಫ್ನಿ ಮೇಜರ್ ಅನ್ನುವ ದ್ವೀಪ ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲ. ಜನವಸತಿ ಇಲ್ಲ, ಕುಡಿಯುವ ನೀರಿಲ್ಲ. ಅಲ್ಲಿ ಫಿಂಚ್ ಅನ್ನುವ ಗುಬ್ಬಚ್ಚಿ ಗಾತ್ರದ ಹಕ್ಕಿಗಳಿವೆ. ಒಂದೊಂದನ್ನೇ ಹಿಡಿದು, ಕಾಲಿಗೆ ಬಣ್ಣದ ಉಂಗುರ ಹಾಕಿ, ತೂಕ ನೋಡಿ, ಕೊಕ್ಕಿನ ಉದ್ದ, ದಪ್ಪ ಅಳೆದು ಬಿಡುವುದು ಅವರ ಕೆಲಸ. ಪುಟ್ಟ ದ್ವೀಪ ಆದ್ದರಿಂದ ಯಾವ ಹಕ್ಕಿ ಬದುಕಿದೆ, ಯಾವುದು ಸತ್ತಿತು, ಯಾವ ಮರಿ ಯಾರದು ಅನ್ನುವ ಲೆಕ್ಕ ಇಡೋಕೆ ಆಯಿತು.

1977ರಲ್ಲಿ ಅಲ್ಲಿ ಬರ ಬಂತು. ಮಳೆಗಾಲದಲ್ಲಿ ಬಿದ್ದ ಮಳೆ ಬರೀ 24 ಮಿಲಿಮೀಟರ್. ಗಿಡಗಳು ಹೊಸದಾಗಿ ಬೀಜ ಬಿಡಲಿಲ್ಲ. ಮೆತ್ತನೆಯ ಸಣ್ಣ ಬೀಜಗಳನ್ನೆಲ್ಲ ಹಕ್ಕಿಗಳು ಬೇಗ ತಿಂದು ಮುಗಿಸಿದವು. ಉಳಿದಿದ್ದು ದೊಡ್ಡ, ಗಟ್ಟಿ ಬೀಜಗಳು. ಅದರಲ್ಲೂ ಒಂದು ಗಿಡದ್ದು ನಮ್ಮ ಬಯಲುಸೀಮೆಯವರಿಗೆ ಥಟ್ಟನೆ ಗೊತ್ತಾಗುತ್ತದೆ. ನಮ್ಮ ನೆಗ್ಗಿಲು ಮುಳ್ಳಿನ ಹತ್ತಿರದ ನೆಂಟ ಅದು. ಅದೇ ಹಳದಿ ಹೂವು, ನೆಲಕ್ಕೆ ಹಬ್ಬುವ ಬಳ್ಳಿ, ಒಣಗಿದ ಮೇಲೆ ಐದು ಹೋಳಾಗಿ ಬಿಚ್ಚಿಕೊಳ್ಳುವ ಮುಳ್ಳಿನ ಕಾಯಿ. ಚಪ್ಪಲಿಯ ಅಟ್ಟೆ ದಾಟಿ ಕಾಲಿಗೆ ಚುಚ್ಚುತ್ತಲ್ಲ, ಅಂಥದ್ದು. ಅದನ್ನು ಕೊಕ್ಕಿನಲ್ಲೇ ಒಡೆದು ಒಳಗಿನ ಬೀಜ ತೆಗೆಯಬೇಕು ಅಂದರೆ ಹಕ್ಕಿಯ ಗತಿ ಏನು, ನೀವೇ ಯೋಚಿಸಿ.

ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಆದರೆ ಯಾವುದೋ ಕೆಲವು ಸತ್ತು ಯಾವುದೋ ಕೆಲವು ಉಳಿದವು ಅಂತಲ್ಲ. ಉಳಿದವುಗಳಲ್ಲಿ ದೊಡ್ಡ ಮೈಯ, ದಪ್ಪ ಕೊಕ್ಕಿನವೇ ಜಾಸ್ತಿ. ಬದುಕಿದವುಗಳ ಕೊಕ್ಕಿನ ಸರಾಸರಿ ದಪ್ಪ ಬರದ ಮುಂಚಿನದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತ್ತು. ಅರ್ಧ ಮಿಲಿಮೀಟರ್ ನಮಗೆ ಏನೂ ಅಲ್ಲ. ಆ ಹಕ್ಕಿಗಳಿಗೆ ಅದು ಸಾವು ಬದುಕಿನ ವ್ಯತ್ಯಾಸ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಬೇಕು ಅಂತ ಕೊಕ್ಕು ಬೆಳೆಸಿಕೊಂಡ ಹಕ್ಕಿ ಒಂದೂ ಇರಲಿಲ್ಲ. ಕೊಕ್ಕುಗಳಲ್ಲಿ ಹೆಚ್ಚು ಕಮ್ಮಿ ಮೊದಲೇ ಇತ್ತು. ಬರ ಬಂದು ಸಣ್ಣ ಕೊಕ್ಕಿನವನ್ನು ಜಾಸ್ತಿ ಕೊಂದಿತು, ಅಷ್ಟೇ. ಆದರೆ ಅಷ್ಟಕ್ಕೇ ಅದನ್ನು ವಿಕಾಸ ಅನ್ನೋಕಾಗಲ್ಲ. ಆ ಗುಣ ಮರಿಗಳಿಗೂ ಇಳಿಯಬೇಕು. ದಪ್ಪ ಕೊಕ್ಕಿನ ಅಪ್ಪ ಅಮ್ಮನಿಗೆ ದಪ್ಪ ಕೊಕ್ಕಿನ ಮರಿಗಳೇ ಹುಟ್ಟುತ್ತವೆ ಅನ್ನುವುದನ್ನು ಈ ತಂಡ ಬರಕ್ಕೆ ಮುಂಚೆಯೇ ಅಳೆದು ಇಟ್ಟುಕೊಂಡಿತ್ತು. 1978ರಲ್ಲಿ ಮಳೆ ಬಂದು ಹೊಸ ಮರಿಗಳಾದಾಗ ಅವುಗಳ ಕೊಕ್ಕೂ ಹಳೆಯ ಸರಾಸರಿಗಿಂತ ದಪ್ಪವಾಗಿತ್ತು. ಒಂದೇ ತಲೆಮಾರಿನಲ್ಲಿ!

ನನಗೆ ಇದಕ್ಕಿಂತಲೂ ಹಿಡಿಸಿದ್ದು ಆಮೇಲೆ ನಡೆದದ್ದು. 1982ರ ಕೊನೆಯಿಂದ 1983ರವರೆಗೆ ಎಲ್ ನಿನೋ ಮಳೆ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾದ ವರ್ಷಗಳಲ್ಲಿ ಅಲ್ಲಿ ಬರುವ ಭಾರೀ ಮಳೆ, ಸುರಿಯಿತು. ಬಳ್ಳಿಗಳು ಬೇಕಾಬಿಟ್ಟಿ ಹಬ್ಬಿ ಮುಳ್ಳುಕಾಯಿ ಗಿಡಗಳನ್ನು ಮುಚ್ಚಿಹಾಕಿದವು. ದ್ವೀಪದ ತುಂಬ ಸಣ್ಣ ಬೀಜ. ಮುಂದಿನ ಒಣಗಾಲದಲ್ಲಿ ಸಣ್ಣ ಕೊಕ್ಕಿನವು ಹೆಚ್ಚು ಉಳಿದುಕೊಂಡವು! ಅಂದರೆ ದಪ್ಪ ಕೊಕ್ಕು ಮೇಲು, ಸಣ್ಣದು ಕೀಳು ಅಂತೇನಿಲ್ಲ. ಆ ವರ್ಷ ನೆಲದ ಮೇಲೆ ಯಾವ ಬೀಜ ಬಿದ್ದಿದೆ ಅನ್ನುವುದೇ ಎಲ್ಲ. 2004-05ರ ಹೊತ್ತಿಗೆ ಇನ್ನೂ ದೊಡ್ಡ ಕೊಕ್ಕಿನ ಬೇರೊಂದು ಜಾತಿಯ ಫಿಂಚ್ ದ್ವೀಪದಲ್ಲಿ ನೆಲೆಯೂರಿತ್ತು. ಗಟ್ಟಿ ಬೀಜಗಳನ್ನು ಅದೇ ಖಾಲಿ ಮಾಡಿತು. ಬರದಲ್ಲಿ ಈ ಸಲ ದಪ್ಪ ಕೊಕ್ಕಿನ ಮಧ್ಯಮ ಫಿಂಚ್‌ಗಳೇ ಹಸಿವಿನಿಂದ ಸತ್ತವು. ಕೊಕ್ಕಿನ ಗಾತ್ರಕ್ಕೆ ಸಂಬಂಧಿಸಿದ ಎಚ್‌ಎಂಜಿಎ2 ಅನ್ನುವ ಜೀನ್‌ನ ಯಾವ ರೂಪ ಆಗ ಹೆಚ್ಚಾಗಿ ಬದುಕುಳಿಯಿತು ಅನ್ನುವುದನ್ನೂ 2016ರಲ್ಲಿ ತೋರಿಸಿದರು.

"ಸರಿ, ಆದರೂ ಫಿಂಚ್ ಫಿಂಚಾಗೇ ಉಳೀತಲ್ಲ" ಅಂತ ನೀವು ಕೇಳಬಹುದು. ಕೇಳಲೇಬೇಕು. ದೊಡ್ಡ ಬದಲಾವಣೆಗೆ ನೀವು ಹೇಳಿದ ಹಳೇ ಮೂಳೆಗಳೇ ಬೇಕು. ಆದರೆ ಕಥೆ ಕಟ್ಟುವವರು ತಮ್ಮ ಕಥೆಗೆ ಅನುಕೂಲವಾಗಿ ಕಟ್ಟುತ್ತಾರೆ ಅಲ್ವಾ? ತಿಮಿಂಗಿಲದ ವಿಷಯದಲ್ಲಿ ಆಗಿದ್ದು ಉಲ್ಟಾ. ಹಲ್ಲುಗಳನ್ನು ನೋಡಿದ ಮೂಳೆ ತಜ್ಞರು, ತಿಮಿಂಗಿಲಗಳು ಅಳಿದುಹೋದ ಒಂದು ಮಾಂಸಾಹಾರಿ ಗುಂಪಿನಿಂದ ಬಂದವು ಅಂತ ಬಹಳ ಕಾಲ ಹೇಳುತ್ತಿದ್ದರು. 1990ರ ದಶಕದಲ್ಲಿ ಡಿಎನ್‌ಎ ನೋಡಿದವರು "ಇಲ್ಲ, ಅವು ನೀರಾನೆಗೆ ಹತ್ತಿರ" ಅಂದರು. ಜಗಳ ಜೋರಾಗೇ ಇತ್ತು. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ, ಕಾಲುಗಳಿದ್ದ ಆದಿ ತಿಮಿಂಗಿಲಗಳ ಹಿಂಗಾಲಿನ ಗಿಣ್ಣಿನ ಮೂಳೆ ವರದಿಯಾಯಿತು. ಆ ಮೂಳೆಯ ಎರಡೂ ತುದಿ ರಾಟೆಯ ಹಾಗಿತ್ತು. ಈ ಆಕಾರ ಇರುವುದು ಆಡು, ಹಸು, ಜಿಂಕೆ, ಹಂದಿ, ನೀರಾನೆಗಳ ಗುಂಪಿನಲ್ಲಿ ಮಾತ್ರ. ಮೂಳೆಯವರು ತಮ್ಮ ಹಳೆಯ ಮಾತನ್ನು ಬಿಟ್ಟರು.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಜಮ್ಮು ಕಾಶ್ಮೀರದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಆರಿಸಿಟ್ಟಿದ್ದ ಕಲ್ಲುಗಳು ಅವರು ತೀರಿಕೊಂಡ ಮೇಲೆ ಅಮೆರಿಕದ ಹಾನ್ಸ್ ಥೆವಿಸನ್ ಅವರ ಕೈಗೆ ಬಂದವು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆ ಆಕಸ್ಮಿಕವಾಗಿ ಒಡೆದು ಕಿವಿಯ ಭಾಗ ಕಾಣಿಸಿತು. ಕಿವಿ ಮೂಳೆಯ ಒಂದು ಗೋಡೆ ವಿಪರೀತ ದಪ್ಪ. ಅಲ್ಲಿಯವರೆಗೆ ಅಂಥ ಗೋಡೆ ತಿಮಿಂಗಿಲದ ಬಳಗದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಈ ಪ್ರಾಣಿಯೋ ಗೊರಸುಳ್ಳ, ಬೆಕ್ಕಿನ ಗಾತ್ರದ, ಪುಟ್ಟ ಜಿಂಕೆಯಂಥದ್ದು. ಹೆಸರು ಇಂಡೋಹಯಸ್, ವಯಸ್ಸು ಸುಮಾರು 4.8 ಕೋಟಿ ವರ್ಷ. ಅದರ ಕಾಲಿನ ಮೂಳೆಗಳೂ ಭಾರ, ನೀರಿನಲ್ಲಿ ಓಡಾಡುವ ಪ್ರಾಣಿಗಳಲ್ಲಿ ಇರುವ ಹಾಗೆ. ಇದು ತಿಮಿಂಗಿಲದ ಹತ್ತಿರದ ನೆಂಟ ಅಂತ ಪ್ರಕಟವಾಗಿದ್ದು 2007ರಲ್ಲಿ.

ಮೂಳೆ ಬೇಡವೇ ಬೇಡ ಅಂದರೆ ನಿಮ್ಮ ಮೈಯಲ್ಲೇ ಒಂದು ಸಾಕ್ಷಿ ಇದೆ. ಹಸು, ನಾಯಿ, ಇಲಿಗಳು ವಿಟಮಿನ್ ಸಿ ಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಅದಕ್ಕೇ ನಮಗೆ ನೆಲ್ಲಿಕಾಯಿ, ನಿಂಬೆಹಣ್ಣು ಬೇಕು. ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ. ಗಿನಿಯಿಲಿಯಲ್ಲೂ ಕೆಟ್ಟಿದೆ, ಆದರೆ ಅಲ್ಲಿ ಕೆಟ್ಟಿರುವ ರೀತಿ ಬೇರೆ. ಅಂದರೆ ನಮಗೂ ಚಿಂಪಾಂಜಿಗೂ ಈ ಕೆಟ್ಟ ಜೀನ್ ಒಂದೇ ಪೂರ್ವಜರಿಂದ ಬಂದಿದೆ, ಗಿನಿಯಿಲಿಯಲ್ಲಿ ಅದು ಬೇರೆಯಾಗಿಯೇ ಕೆಟ್ಟಿದೆ.