ಕನ್ನಡ ಬರೆಯಲು ಬರುವವರೂ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರಲ್ಲ, ಇದು ಸೋಮಾರಿತನವೋ ಕೀಳರಿಮೆಯೋ?

ನಿಮ್ಮ ಪ್ರಶ್ನೆಯ ಪೂರ್ತಿ ಸಾರ ಇಷ್ಟು: ನಿಮ್ಮ ಹಳೆಯ ಸಹಪಾಠಿಗಳ ಗುಂಪಿನಲ್ಲಿ ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಆದರೂ ಮೆಸೇಜು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ನೀವು ಎರಡು ಸಲ ಗದರಿದಿರಿ, ಮೂವರು ಗುಂಪು ಬಿಟ್ಟು ಹೋದರು. ಇಂಥವರಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ.

ಸೋಮಾರಿತನವೂ ಅಲ್ಲ, ಕೀಳರಿಮೆಯೂ ಅಲ್ಲ ಅಂತ ನನ್ನ ಅನಿಸಿಕೆ. ಬೆರಳಿಗೆ ಬಿದ್ದ ಅಭ್ಯಾಸ. ಆ ಅಭ್ಯಾಸ ಹೇಗೆ ಬಿತ್ತು ಅನ್ನುವುದನ್ನು ನಾನು ಅಂಗಡಿಯಲ್ಲಿ ಕೂತೇ ನೋಡಿದ್ದೇನೆ. ದಾವಣಗೆರೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ನಾನು, ನಮ್ಮ ಯಜಮಾನರು ಇಬ್ಬರೇ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಸಂಘದ ವರದಿ, ಬ್ಯಾನರು. ಇಪ್ಪತ್ತು ವರ್ಷದ ಮೇಲಾಯಿತು, ಕನ್ನಡ ಟೈಪು ಮಾಡಿಯೇ ಹೊಟ್ಟೆ ತುಂಬಿಸಿಕೊಂಡಿದ್ದೇವೆ.

ಮೊದಲು ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ ಅಂತ ಒಪ್ಪಿಕೊಳ್ಳುತ್ತೇನೆ. ಯಾಕಂದ್ರೆ ಇಂಗ್ಲಿಷ್ ಅಕ್ಷರದ ಕನ್ನಡದಿಂದ ನನ್ನ ಕೈಯಿಂದಲೇ ದುಡ್ಡು ಹೋಗಿದೆ.

ಒಂದು ಮದುವೆ ಸೀಸನ್ನು. ಗಂಡಿನ ಕಡೆಯವರು ಮ್ಯಾಟರನ್ನು ವಾಟ್ಸಾಪಿನಲ್ಲೇ ಕಳಿಸಿದ್ದರು, ಎಲ್ಲ ಇಂಗ್ಲಿಷ್ ಅಕ್ಷರ. ಮನೆತನದ ಹೆಸರು ಬಿ, ಎ, ಎಲ್, ಇ, ಜಿ, ಎ, ಆರ್, ಎ. ನಾನು ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಲ್ಲಿ 'ಬಲೆಗಾರ' ಅಂತ ಹೊಡೆದೆ. ಪ್ರೂಫನ್ನೂ ವಾಟ್ಸಾಪಿನಲ್ಲೇ ಕಳಿಸಿದೆ. ಗಂಡಿನ ತಮ್ಮ ಹೆಬ್ಬೆಟ್ಟಿನ ಗುರುತು ಹಾಕಿ ಕಳಿಸಿದ. 400 ಕಾರ್ಡು ಅಚ್ಚಾಗಿ ಮನೆ ಸೇರಿತು. ಕಾರ್ಡಿಗೆ ಅರಿಶಿನ ಹಚ್ಚಲು ಕೂತಾಗ ಅವರ ದೊಡ್ಡಪ್ಪ ನೋಡಿದ್ದಾರೆ. ಅವರು ಬಳೆಗಾರರು. ತಲೆಮಾರುಗಳಿಂದ ಮನೆಮನೆಗೆ ಬಳೆ ತೊಡಿಸಿದ ಮನೆತನ. ನಾನು ಅವರ ಕೈಗೆ ಮೀನಿನ ಬಲೆ ಕೊಟ್ಟಿದ್ದೆ. ಮರುಮುದ್ರಣದ ಖರ್ಚು ಅರ್ಧ ನಾವು, ಅರ್ಧ ಅವರು ಅಂತ ಇತ್ಯರ್ಥವಾಯಿತು.

ಅದೇ ನಾಲ್ಕು ಇಂಗ್ಲಿಷ್ ಅಕ್ಷರ, ಬಿ-ಎ-ಎಲ್-ಇ, ನೋಡಿ. ಬಳೆಯೂ ಹೌದು, ಬಲೆಯೂ ಹೌದು, ಬಾಳೆಯೂ ಹೌದು, ಬಾಲೆಯೂ ಹೌದು. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ. ಹುಳಿ ಮಾಡಿದ್ದೀನಿ ಅಂದರೆ ಹುಲಿ. 'ಹಾಲು ತಂದೆ' ಅನ್ನುವುದನ್ನು 'ಹಾಳು ತಂದೆ' ಅಂತಲೂ ಓದಬಹುದು. ಮನೆಯಲ್ಲಿ ನಗಾಡಿಕೊಂಡು ಸುಮ್ಮನಾಗಬಹುದು, ಕಾರ್ಡಿನಲ್ಲಿ ಆಗುವುದಿಲ್ಲ. ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಮಾಡಿದ್ದೇವೆ. ಹೆಸರುಗಳನ್ನೆಲ್ಲ ಕಾಗದದ ಮೇಲೆ ಕನ್ನಡದಲ್ಲಿ ಬರೆದು ಫೋಟೊ ಹೊಡೆದು ಕಳಿಸಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಈಗ ಅಭ್ಯಾಸದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಸಹಪಾಠಿಗಳು ಮೊದಲ ಮೊಬೈಲು ಹಿಡಿದದ್ದು ಯಾವಾಗ? ನನ್ನ ವಯಸ್ಸಿನವರೇ ಆಗಿದ್ದರೆ 2003-04ರ ಸುಮಾರಿಗೆ. ಅಂಕಿಗಳ ಗುಂಡಿ ಇರುವ ಫೋನು. ಎರಡನ್ನು ಮೂರು ಸಲ ಒತ್ತಿದರೆ 'ಸಿ'. ಅದರಲ್ಲಿ ಒಂದು ಎಸ್ಸೆಮ್ಮೆಸ್ಸು ಅಂದರೆ 140 ಬೈಟು, ಅಷ್ಟೇ ಜಾಗ. ಇಂಗ್ಲಿಷ್ ಅಕ್ಷರವಾದರೆ ಅದರಲ್ಲಿ 160 ಹಿಡಿಯುತ್ತಿತ್ತು. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಮೆಸೇಜಿನ ಲೆಕ್ಕ 70ಕ್ಕೆ ಇಳಿಯುತ್ತಿತ್ತು. ಆ 70 ಕೂಡ ನಾವು ಎಣಿಸುವ ಅಕ್ಷರಗಳಲ್ಲ. ವ್ಯಂಜನ ಬೇರೆ, ಕೊಂಬು ಬೇರೆ, ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು ಬೇರೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ಆರು. 'ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಬರೆದರೆ, ನಡುವಿನ ಖಾಲಿ ಜಾಗವೂ ಸೇರಿ 30 ಹೋಯಿತು. ಇನ್ನು ಮನೆಯವರ ಹೆಸರೆಲ್ಲ ಸೇರಿಸಿದರೆ ಎರಡನೇ ಮೆಸೇಜಿನ ದುಡ್ಡು. ಅದೂ ಹಬ್ಬದ ದಿನ ಮೆಸೇಜ್ ಪ್ಯಾಕು ನಡೆಯುತ್ತಿರಲಿಲ್ಲ, ನೆನಪಿದೆ ಅಲ್ವಾ? ಅಂಥ ಹೊತ್ತಿನಲ್ಲಿ ಯಾರು ತಾನೇ ಕನ್ನಡದಲ್ಲಿ ಕಳಿಸುತ್ತಾರೆ. ಕಳಿಸಿದರೂ ಆ ಕಡೆಯ ಫೋನಿನಲ್ಲಿ ಚೌಕ ಚೌಕ ಡಬ್ಬಿಗಳು.

ಆಮೇಲೆ ಟಚ್ ಫೋನು ಬಂತು. ಅಲ್ಲೂ ಶುರುವಿನಲ್ಲಿ ಡಬ್ಬಿಗಳೇ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣತೊಡಗಿದ್ದು 2012ರಲ್ಲಿ ಬಂದ 4.1ನೇ ಆವೃತ್ತಿಯಿಂದ. ಅದೂ ಹೊಸ ಫೋನು ಕೊಂಡವರಿಗೆ. ಐಫೋನಿನಲ್ಲಿ ಕಂಪನಿಯದೇ ಕನ್ನಡ ಕೀಬೋರ್ಡು ಬಂದದ್ದು 2017ರಲ್ಲಿ. ಹತ್ತು-ಹನ್ನೆರಡು ವರ್ಷ ಒಂದೇ ರೀತಿ ಒತ್ತಿದ ಬೆರಳು, ಕೀಬೋರ್ಡು ಬಂತು ಅಂತ ಯಾರೋ ಹೇಳಿದ ಮಾತ್ರಕ್ಕೆ ತಿರುಗುತ್ತದೆಯೇ? ನಿಮ್ಮ ಗೆಳೆಯರು ಕನ್ನಡವನ್ನು ಬಿಟ್ಟವರಲ್ಲ. ಯಂತ್ರ ಬಿಡದಿದ್ದಾಗ ಯಾವ ದಾರಿ ಸಿಕ್ಕಿತೋ ಅದರಲ್ಲಿ ಕನ್ನಡವನ್ನೇ ಕಳಿಸಿದವರು. ಇಂಗ್ಲಿಷಿನಲ್ಲೇ ಬರೆದುಬಿಡಬಹುದಿತ್ತು, ಬರೆಯಲಿಲ್ಲ. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಕಂಪ್ಯೂಟರಿನ ಕಥೆಯೂ ಸ್ವಲ್ಪ ಹೀಗೇ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅನ್ನುವ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂತು, ಅದರಲ್ಲೇ ಕನ್ನಡ ಇತ್ತು. ವಿಂಡೋಸ್ ಒಳಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಡುವೆ ನಮ್ಮನ್ನು ಕಾಪಾಡಿದ್ದು ನಮ್ಮವರೇ. ಕನ್ನಡ ಟೈಪು ಮಾಡುವ ತಂತ್ರಾಂಶ, ಶೇಷಾದ್ರಿವಾಸು ಅವರ 'ಬರಹ', 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ನಾನು ಕಲಿತದ್ದು ನುಡಿಯಲ್ಲಿ. ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು.

ಆ ವಿನ್ಯಾಸದ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. 'ಕನ್ನಡ' ಅನ್ನುವ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಏಳು ಸಲ ಒತ್ತಬೇಕು. ನುಡಿಯಲ್ಲಿ ಐದೇ ಸಲ: ಕೆ, ಎನ್, ಎಫ್, ಎನ್, ಡಬ್ಲ್ಯೂ. 'ಎ' ಒತ್ತುವ ಕೆಲಸವೇ ಇಲ್ಲ, ನಮ್ಮ ವ್ಯಂಜನದ ಹೊಟ್ಟೆಯಲ್ಲೇ 'ಅ' ಇದೆಯಲ್ಲ. ಎಫ್ ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೂರುತ್ತದೆ. ಡಬ್ಲ್ಯೂ ಒತ್ತಿದರೆ 'ಡ'. ಟ, ಠ, ಡ, ಢಗಳಿಗೆ ಇಂಗ್ಲಿಷಿನಲ್ಲಿ ಬೇರೆ ಅಕ್ಷರವಿಲ್ಲ, ನಮಗೆ ಬೇಡದ ಡಬ್ಲ್ಯೂ, ಕ್ಯೂಗಳನ್ನು ಅವಕ್ಕೆ ಕೊಟ್ಟರು. ಕನ್ನಡದಲ್ಲಿ ಟೈಪು ಮಾಡುವುದು ನಿಧಾನ ಅನ್ನುವವರಿಗೆ ನಾನು ಇದನ್ನೇ ಮಾಡಿ ತೋರಿಸುತ್ತೇನೆ. ಕಲಿತ ಮೇಲೆ ಕನ್ನಡವೇ ವೇಗ.

ಆದರೆ ಆ ಕಾಲದಲ್ಲಿ ಇನ್ನೊಂದು ಪೀಡೆ ಇತ್ತು, ಈಗಲೂ ಇದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಫಾಂಟು ಇರುವ ತನಕ ಕನ್ನಡ. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಬಾಡಿಗೆಯವರು ಮಾಯ, ಬರೀ ಗೀಚು. ಜನ ಹಳೆಯ ಕಡತ ತಂದು "ಮೇಡಂ, ವೈರಸ್ ಬಂದಿದೆ" ಅನ್ನುತ್ತಾರೆ. ವೈರಸ್ ಅಲ್ಲ, ಫಾಂಟು. ಇಂಥ ಅನುಭವವಾದವರು ಕನ್ನಡದ ಸಹವಾಸ ಬೇಡ ಅಂತ ಇಂಗ್ಲಿಷ್ ಅಕ್ಷರಕ್ಕೆ ಹೋಗಿದ್ದರೆ ನಾನಂತೂ ಬೈಯಲಾರೆ.

ಲಿಪಿ ಬೇರೆಯಾದರೆ ಭಾಷೆ ಸತ್ತಂತೆ ಅಂತಲೂ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಅಷ್ಟು ಸುಲಭವಲ್ಲ ಅದು. ಮಂಗಳೂರಿನ ಕಡೆ ತುಳುವನ್ನೂ ಕೊಂಕಣಿಯನ್ನೂ ನಮ್ಮ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ, ಕೊಡಗಿನಲ್ಲಿ ಕೊಡವ ಭಾಷೆಯನ್ನೂ. ಯಾವುದೂ ಸತ್ತಿಲ್ಲ. ಗೋವಾದಲ್ಲಿ ಅದೇ ಕೊಂಕಣಿಯನ್ನು ರೋಮನ್ ಅಕ್ಷರದಲ್ಲಿ ಬರೆದು ಪುಸ್ತಕ ಅಚ್ಚು ಹಾಕುವುದು ಬಹಳ ಹಿಂದಿನಿಂದ ನಡೆದಿದೆ. ಹಾಗಾದರೆ ನಾವೂ ಹಾಗೇ ಬರೆದರೇನು ಅಂತ ಕೇಳಬಹುದು. ವ್ಯತ್ಯಾಸ ಇಲ್ಲಿದೆ: ಅವರಿಗೆ ಯಾವ ಉಚ್ಚಾರಕ್ಕೆ ಯಾವ ಅಕ್ಷರ ಅಂತ ಒಂದು ಒಪ್ಪಂದ ಇದೆ. ನಮ್ಮ ವಾಟ್ಸಾಪ್ ಕನ್ನಡಕ್ಕೆ ಅದಿಲ್ಲ. 'ಚೆನ್ನಾಗಿದೆ' ಅನ್ನುವುದನ್ನು ನಮ್ಮ ಓಣಿಯ ಗುಂಪಿನಲ್ಲೇ ಆರೇಳು ರೀತಿ ಬರೆಯುತ್ತಾರೆ. (ಕನ್ನಡ ಅಕ್ಷರದಲ್ಲೂ ಚೆನ್ನ, ಚನ್ನ ಅಂತ ಎರಡಿವೆ, ಅದು ಬಿಡಿ.) 'ಬರಹ'ದಲ್ಲಿ ಒಂದು ಶಿಸ್ತಿತ್ತು, ಸಣ್ಣ ಎಲ್ ಹಾಕಿದರೆ ಲ, ದೊಡ್ಡ ಎಲ್ ಹಾಕಿದರೆ ಳ. ಆ ಶಿಸ್ತು ಫೋನಿಗೆ ಬರಲೇ ಇಲ್ಲ. ಹೀಗಾಗಿ ಎರಡು ಪದದ ಮೆಸೇಜು ಓದಬಹುದು, ಎರಡು ಪ್ಯಾರಾ ಓದಲು ತಲೆನೋವು. ನಾಳೆ ಹುಡುಕಿದರೂ ಸಿಗುವುದಿಲ್ಲ, ಯಾಕಂದ್ರೆ ಯಾವ ಸ್ಪೆಲಿಂಗ್ ಹಾಕಿದ್ದರೋ ಅವರಿಗೇ ನೆನಪಿರುವುದಿಲ್ಲ.

ಇನ್ನೊಂದು ವರ್ಗ ಇದೆ, ಅವರನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಮ್ಮ ಅಣ್ಣನ ಮಗಳು ಪುಣೆಯಲ್ಲಿ ಹುಟ್ಟಿ ಬೆಳೆದವಳು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಮನೆಯಲ್ಲಿ ಅಪ್ಪಟ ದಾವಣಗೆರೆ ಕನ್ನಡ. ಓದಲು, ಬರೆಯಲು ಬರುವುದಿಲ್ಲ. ಅವಳು ನನಗೆ "ಅತ್ತೆ, ಮಂಡಕ್ಕಿ ಮಿರ್ಚಿ ತಿನ್ನಂಗಾಗೈತಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ಅವಳಿಗೆ ಇರುವುದು ಅದೊಂದೇ ಕನ್ನಡ ಬರವಣಿಗೆ. ಅವಳಿಗೆ ಗದರಿದರೆ ಕನ್ನಡ ಅಕ್ಷರಕ್ಕೆ ಬರುವುದಿಲ್ಲ, ಇಂಗ್ಲಿಷಿಗೆ ಹೋಗುತ್ತಾಳೆ. ನಿಮ್ಮ ಗುಂಪು ಬಿಟ್ಟ ಮೂವರು ಎಲ್ಲಿಗೆ ಹೋದರೋ ವಿಚಾರಿಸಿ ನೋಡಿ.

ಹಾಗಾದರೆ ಏನು ಹೇಳಬೇಕು? ನನ್ನನ್ನು ಕೇಳಿದರೆ, ಏನೂ ಹೇಳಬೇಡಿ. ಸುಮ್ನೆ ಅವರ ಫೋನು ಇಸಿದುಕೊಳ್ಳಿ. ಗೂಗಲಿನ ಕೀಬೋರ್ಡಾದ ಜಿಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳಲ್ಲಿ ಕನ್ನಡ ಸೇರಿಸಿ. ಅಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡೂ ಇದೆ. ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ, ಪರದೆಯ ಮೇಲೆ ಕನ್ನಡ ಬರುತ್ತದೆ. ತಪ್ಪು ಪದ ಬಂದರೆ ಮೇಲಿನ ಪಟ್ಟಿಯಲ್ಲಿ ಸರಿಯಾದದ್ದು ಇರುತ್ತದೆ, ಒತ್ತಿದರಾಯಿತು. ಎರಡು ನಿಮಿಷದ ಕೆಲಸ. ಬಹಳ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ. ಗೊತ್ತಿದ್ದವರಿಗೂ ಸೆಟ್ಟಿಂಗ್ಸ್ ಅಂದರೆ ಭಯ, ಏನಾದರೂ ಹಾಳಾದರೆ ಅಂತ.

ವಯಸ್ಸಾದವರಿಗೆ ಬೇರೆ ದಾರಿ. ನಮ್ಮ ಮಾವನವರು ನಿವೃತ್ತ ಮೇಷ್ಟ್ರು. ಕೀಬೋರ್ಡಿನಲ್ಲಿ ಅಕ್ಷರ ಹುಡುಕುವುದೆಂದರೆ ಅವರಿಗೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕೈಬರಹದ ಕೀಬೋರ್ಡು ಹಾಕಿಕೊಟ್ಟೆ. ಈಗ ಸ್ಲೇಟಿನ ಮೇಲೆ ಬರೆದಂತೆ ತೋರುಬೆರಳಲ್ಲಿ ದುಂಡಗೆ ಬರೆಯುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಒಂದೂ ತಪ್ಪಿಲ್ಲ. ಅತ್ತೆಗೆ ಮೈಕಿನ ಗುರುತು ಒತ್ತಿ ಮಾತಾಡುವುದನ್ನು ಕಲಿಸಿದೆ. ಅದು 2017ರಲ್ಲೇ ಕನ್ನಡಕ್ಕೆ ಬಂದ ಸೌಲಭ್ಯ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಅತ್ತೆ ಫೋನಿನ ಮುಂದೆ ಮಾತ್ರ ರೇಡಿಯೋದವರಂತೆ "ನಾನು ಬರುತ್ತಿದ್ದೇನೆ" ಅನ್ನುತ್ತಾರೆ. ಫೋನು ಇಟ್ಟ ತಕ್ಷಣ "ಬರಾಕತ್ತೀನಿ ಅಂತ ಹೇಳಿದ್ನವ್ವ" ಅಂತ ನನಗೆ ವರದಿ.

ನಾನು ಇನ್ನೊಂದು ಮಾಡುತ್ತೇನೆ. ಯಾರು ಯಾವ ಅಕ್ಷರದಲ್ಲಿ ಬರೆದರೂ ನನ್ನ ಉತ್ತರ ಕನ್ನಡ ಅಕ್ಷರದಲ್ಲಿ. ಟೀಕೆ ಇಲ್ಲ, ನವೆಂಬರಿನ ಭಾಷಣ ಇಲ್ಲ. 'ಸರಿ', 'ಆಯ್ತು' ಅನ್ನುವ ಒಂದು ಪದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಸರು, ವಿಳಾಸ, ಔಷಧಿ ಯಾವ ಹೊತ್ತಿಗೆ, ದುಡ್ಡು ಯಾರಿಗೆ ಎಷ್ಟು, ಇಂಥದ್ದಕ್ಕೆ ಮಾತ್ರ "ಕನ್ನಡದಲ್ಲಿ ಹಾಕಿ, ನನಗೆ ತಪ್ಪು ತಿಳಿಯಬಹುದು" ಅಂತ ಕೇಳುತ್ತೇನೆ. ಕಾರಣ ಹೇಳಿ ಕೇಳಿದರೆ ಯಾರೂ ಬೇಸರ ಮಾಡಿಕೊಂಡಿಲ್ಲ.

ನಮ್ಮ ನೆಂಟರು, ಓಣಿಯವರು ಸೇರಿ ಹನ್ನೊಂದು ಜನಕ್ಕೆ ಹೀಗೆ ಕೀಬೋರ್ಡು ಹಾಕಿಕೊಟ್ಟಿದ್ದೇನೆ. ಏಳು ಜನ ಉಳಿದುಕೊಂಡರು, ನಾಲ್ವರು ವಾರದೊಳಗೆ ಹಳೆಯದಕ್ಕೇ ವಾಪಸ್. ಆ ನಾಲ್ವರಲ್ಲಿ ಒಬ್ಬರು ನಮ್ಮ ಯಜಮಾನರೇ. ನುಡಿಯಲ್ಲಿ ಕಣ್ಣು ಮುಚ್ಚಿ ಟೈಪು ಮಾಡುವ ಮನುಷ್ಯ, ಅವರ ಕೈಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ಬೆಳಿಗ್ಗೆಯಿಂದ ಸಂಜೆತನಕ ಕನ್ನಡ ಹೊಡೆದು ಸಾಕಾಗಿರ್ತದೆ, ಫೋನಿನಾಗೂ ಪ್ರೂಫ್ ನೋಡ್ಲೇನು?" ಅನ್ನುತ್ತಾರೆ. ಇದನ್ನು ಬರೆಯುವ ಹೊತ್ತಿಗೆ ಅವರದೊಂದು ಮೆಸೇಜು ಬಂದಿದೆ. ಎಚ್, ಎ, ಎ, ಎಲ್, ಯು, ಪಕ್ಕದಲ್ಲೊಂದು ಪ್ರಶ್ನೆ ಗುರುತು. "ಹೌದು, ಒಂದು ಲೀಟರ್ ತನ್ನಿ" ಅಂತ ಉತ್ತರ ಹಾಕಿದ್ದೇನೆ.